ಕೆರೆಯಂಗಳಕ್ಕೆ ಯಾರು ಹೊಣೆ?

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟನ್ನು ನಿಮ್ಮಲ್ಲಿ ಹಲವರು ಶಾಲೆಯ ಪ್ರವಾಸದಲ್ಲಿ ನೋಡಿರಬಹುದು. ದೋಣಿಯಲ್ಲಿ ಕುಳಿತು, ಬಂಡೆಯ ಮೇಲೆ ಬಿಸಿಲು ಕಾಯಿಸುವ ಮೊಸಳೆಯನ್ನು ಕಂಡು ಬೆರಗಾಗಿಯೂ ಇರಬಹುದು. ಆದರೆ ಅಲ್ಲಿನ ತಿಟ್ಟುಗಳು ಮನುಷ್ಯನ ಕೆಲಸದಿಂದ ಉಂಟಾದವು ಎಂಬುದು ನಿಮಗೆ ಗೊತ್ತೇ? 1645-48ರಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿಸಿದಾಗ ಈ ನಡುಗಡ್ಡೆಗಳು ರೂಪುಗೊಂಡವು. ಅರಸರು ಕಟ್ಟಿಸಿದ್ದು ನೀರಿಗಾಗಿ. ಬಂದು ನೆಲೆಸಿದ್ದು ಕೊಕ್ಕರೆಗಳು! ಮುಂದೆ ಪಕ್ಷಿತಜ್ಞ ಸಲೀಂ ಅಲಿ ಮೈಸೂರಿನ ಅರಸರ ಮನವೊಲಿಸಿದ್ದರಿಂದ 1940ರಲ್ಲಿ ಇದು ಪಕ್ಷಿಧಾಮವಾಯಿತು. ಜೌಗು ತಾಣಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಒಪ್ಪಂದದ ಪಟ್ಟಿಗೆ 2022ರಲ್ಲಿ ಸೇರಿತು. ಕರ್ನಾಟಕದಿಂದ ಆ ಪಟ್ಟಿಗೆ ಸೇರಿದ ಮೊದಲ ತಾಣ ಇದೇ.

ರಂಗನತಿಟ್ಟಿಗೇನೋ ರಕ್ಷಣೆ ದೊರೆಯಿತು. ಅದೇ ಸೀಮೆಯ ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಊರೂರ ಕೆರೆಗಳ ಗತಿಯೇನು?

ಹಿಂದಿನವರು ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಕೆರೆ ಕಟ್ಟಿಸಿದವನಿಗೆ, ಒಡೆದ ಏರಿಯನ್ನು ಸರಿಪಡಿಸಿದವನಿಗೆ ಕಟ್ಟುಕೊಡಗೆಯೆಂದು ಭೂಮಿ ಬಿಡುತ್ತಿದ್ದರು. ತೂಬು ನೋಡಿಕೊಳ್ಳುವ ನೀರುಗಂಟಿಗೆ ಬೆಳೆಯಲ್ಲಿ ಪಾಲು ಇರುತ್ತಿತ್ತು. ಎಪಿಗ್ರಾಫಿಯಾ ಕರ್ನಾಟಿಕದ ಪರಿಷ್ಕೃತ ಆವೃತ್ತಿಯ 6 ಮತ್ತು 7ನೆಯ ಸಂಪುಟಗಳಲ್ಲಿ ಈ ನಾಲ್ಕೂ ತಾಲ್ಲೂಕುಗಳ ಶಾಸನಗಳಿವೆ. ಗ್ರಂಥಾಲಯದಲ್ಲಿ ಸಿಕ್ಕರೆ ತಿರುವಿ ಹಾಕಿ. ಕೆರೆ, ತೂಬು, ಗದ್ದೆಗಳ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆಯನ್ನು ಕಾಯ್ದದ್ದು ಪುಣ್ಯದ ಆಸೆ ಎಂದು ಸಾಮಾನ್ಯವಾಗಿ ಹೇಳುವುದುಂಟು. ಪುಣ್ಯದ ಜೊತೆಗೆ, ಕಾಯುವವನ ಅನ್ನವೂ ಆ ಕೆರೆಯಲ್ಲೇ ಇತ್ತೆಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಕೆರೆ ಸರ್ಕಾರದ ಇಲಾಖೆಗೆ ಸೇರಿ, ಇನಾಮುಗಳು ರದ್ದಾದ ಮೇಲೆ ಆ ನಂಟು ಕಡಿಯಿತು. ಹೂಳು ತುಂಬಿತು, ಅಂಗಳ ಒತ್ತುವರಿಯಾಯಿತು.

ಬಯಲಿನ ಕಥೆಯೂ ಇಂಥದೇ. ನೂರು ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಇರಬೇಕೆಂದು 1966ರ ಭೂಕಂದಾಯ ನಿಯಮಗಳು ಹೇಳಿದವು. ನಿಯಮ ಉಳಿದಷ್ಟು ಗೋಮಾಳ ಉಳಿಯಲಿಲ್ಲ. ಮೇಲುಕೋಟೆಯ ಕುರುಚಲು ಕಾಡು ಮಾತ್ರ ತೋಳಗಳ ದೆಸೆಯಿಂದ 1974ರಲ್ಲಿ ವನ್ಯಜೀವಿಧಾಮವಾಗಿ ಉಳಿದುಕೊಂಡಿತು.

2002ರ ಜೀವವೈವಿಧ್ಯ ಕಾಯಿದೆಯು ಹೊಣೆಯನ್ನು ಮತ್ತೆ ಊರಿಗೆ ತಂದಿತು. ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಮರ, ಮೀನು, ಹಕ್ಕಿಗಳನ್ನೂ ಅವುಗಳ ಬಗೆಗಿನ ತಿಳಿವಳಿಕೆಯನ್ನೂ ಅದು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕು. ಕಾಯಿದೆ ಬಂದು ಹದಿನೇಳು ವರ್ಷ ಕಳೆದರೂ ದೇಶದಲ್ಲಿ ಎಷ್ಟೋ ಕಡೆ ಸಮಿತಿಗಳೇ ಆಗಿರಲಿಲ್ಲ. 2020ರ ಜನವರಿ 31ರೊಳಗೆ ಕೆಲಸ ಮುಗಿಸದ ರಾಜ್ಯ ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಗದರಿಸಬೇಕಾಯಿತು.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಇಂಥ ಊರ ಸಂರಕ್ಷಣಾ ಆಯೋಗಗಳಿಗೆ 1957ರಲ್ಲೇ ಕಾನೂನಾಯಿತು. ಅಲ್ಲಿ ಜೌಗು ನೆಲಕ್ಕೆ ಮಣ್ಣು ತುಂಬಬೇಕಾದರೆ ಆಯೋಗದ ಅಪ್ಪಣೆ ಬೇಕು. ನಮ್ಮ ಸಮಿತಿಗಳಿಗೆ ಅಷ್ಟು ಬಲವಿಲ್ಲ. ಒತ್ತುವರಿ ತೆರವು ತಹಸೀಲ್ದಾರರ ಕೈಯಲ್ಲಿದೆ. ಊರ ಕೆರೆಕುಂಟೆಗಳ ಒತ್ತುವರಿಯನ್ನು ತೆರವು ಮಾಡಿಸಬೇಕೆಂದು ಸುಪ್ರೀಂ ಕೋರ್ಟು 2011ರಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ.

ಆದರೂ ದಾಖಲಾತಿಯನ್ನು ಹಗುರವಾಗಿ ಕಾಣುವಂತಿಲ್ಲ. ಹಳೆಯ ಕೆರೆಗೆ ಶಾಸನವೇ ಸಾಕ್ಷಿಯಾದಂತೆ ಇಂದಿನ ಕೆರೆಗೆ ಇದೊಂದು ಸಾಕ್ಷಿ. ನಿಮ್ಮ ಪಂಚಾಯಿತಿಗೆ ಹೋಗಿ ಅದನ್ನು ಕೇಳಿ ನೋಡಿ. ಸ್ಥಳೀಯರನ್ನು ವಿಚಾರಿಸಿಯೇ ಅದನ್ನು ಬರೆಯಬೇಕೆಂದು ನಿಯಮವಿದೆ. ನಿಮ್ಮ ಕೆರೆಯ ಪುಟವನ್ನು ಬರೆದವರು ನಿಮ್ಮ ಊರಿನ ಯಾರನ್ನು ವಿಚಾರಿಸಿದ್ದರು ಎಂಬುದನ್ನೂ ಕೇಳಬಹುದು.