ಸೀರಿಯಲ್ಲಿನಲ್ಲಿ ಕಾಣದ ಶ್ರೀರಂಗಪಟ್ಟಣ

ಆಫೀಸಿನಲ್ಲಿ ಯಾರಾದ್ರೂ ನನ್ನ ಊರು ಕೇಳಿದಾಗ ಶ್ರೀರಂಗಪಟ್ಟಣ ಅಂದ್ರೆ ಎರಡು ಥರದ ಉತ್ತರ ಬರುತ್ತೆ. ನಮ್ಮ ಕಡೆಯವರಾದ್ರೆ, 'ಓ, ಮೈಸೂರಿಗೆ ಹೋಗ್ತಾ ಸಿಗುತ್ತಲ್ಲ!' ಉತ್ತರದ ಕಡೆಯವರು, ಅದೂ ನಲವತ್ತು ದಾಟಿದವರಾದ್ರೆ, 'ಟಿಪ್ಪು ಸುಲ್ತಾನ್ ಸೀರಿಯಲ್!' ಅಂತ ಕಣ್ಣರಳಿಸ್ತಾರೆ. 1990ರಲ್ಲಿ ದೂರದರ್ಶನದಲ್ಲಿ ಬಂದ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಅವರ ಪಾಲಿಗೆ ನಮ್ಮೂರಿನ ಪರಿಚಯಪತ್ರ.

ನಾವೂ ನೋಡಿದ್ವಿ. ಬೀದಿಯಲ್ಲಿ ಟಿ.ವಿ. ಇದ್ದದ್ದು ಒಂದೇ ಮನೆಯಲ್ಲಿ, ಅದೂ ಕಪ್ಪು-ಬಿಳುಪು. ಹಿಂದಿ ಯಾರಿಗೂ ಅರ್ಥ ಆಗ್ತಿರಲಿಲ್ಲ. ಆದ್ರೂ ನಮ್ಮ ಕೋಟೆ ಬಾಗಿಲು, ರಂಗನಾಥನ ಗೋಪುರ, ಸಂಗಮ ಯಾವಾಗ ಬರುತ್ತೆ ಅಂತ ನೆಲದ ಮೇಲೆ ಕೂತು ಕಾಯ್ತಿದ್ವಿ. ಬರೋದು ದರ್ಬಾರು, ಪರದೆ, ಕಂಬ, ಮತ್ತೆ ದರ್ಬಾರು. 'ನಮ್ಮೂರಲ್ಲ ಕಣ್ರೋ ಇದು' ಅಂತ ಮನೆಯ ಯಜಮಾನರೇ ಎದ್ದು ಹೋಗೋರು.

ಸಂಜಯ್ ಖಾನ್ ಟಿಪ್ಪು, ಶಾಬಾಜ್ ಖಾನ್ ಹೈದರಾಲಿ. ಕಥೆ ಭಗವಾನ್ ಗಿದ್ವಾನಿಯವರ ಕಾದಂಬರಿಯದ್ದು. ಅದು ಇತಿಹಾಸ ಅಲ್ಲ ಅಂತ ಗಲಾಟೆಯಾಗಿ ಕೋರ್ಟ್ ಮೆಟ್ಟಿಲೇರಿ, ಕೊನೆಗೆ 'ಇದು ಕಾಲ್ಪನಿಕ' ಅನ್ನೋ ಸೂಚನೆಯ ಜೊತೆ ಪ್ರಸಾರ ಆಯ್ತು. ಟಿಪ್ಪು ವೀರನೋ ಕ್ರೂರಿಯೋ ಅನ್ನೋ ಆ ಜಗಳ ಈಗಲೂ ಮುಗಿದಿಲ್ಲ, ನಾನು ಅದಕ್ಕೆ ಕೈ ಹಾಕಲ್ಲ. ನನ್ನ ತಕರಾರು ಬೇರೆ. ಮೊನ್ನೆ ಫೋನಿನಲ್ಲಿ ಹಳೇ ಕಂತುಗಳನ್ನ ಮತ್ತೆ ನೋಡಿದೆ. ರಾಜ ಇದ್ದಾನೆ, ಶತ್ರು ಇದ್ದಾನೆ, ದ್ರೋಹಿ ಇದ್ದಾನೆ. ಊರೇ ಇಲ್ಲ.

ಮೊದಲಿಗೆ ಹೊಳೆ. ಶ್ರೀರಂಗಪಟ್ಟಣ ದ್ವೀಪ ಅನ್ನೋದು ಶಾಲೆ ಮಕ್ಕಳಿಗೂ ಗೊತ್ತು, ಆದ್ರೆ ಯುದ್ಧದ ಕ್ಯಾಲೆಂಡರ್ ಬರೆದದ್ದೇ ಕಾವೇರಿ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಅರಕೆರೆ ತನಕ ಬಂದು ಗೆದ್ದ. ಆದ್ರೆ ಮಳೆ ಶುರುವಾಗಿತ್ತು, ಎತ್ತುಗಳು ಸಾಯ್ತಿದ್ವು, ದವಸ ಇರಲಿಲ್ಲ. ದೊಡ್ಡ ಫಿರಂಗಿಗಳನ್ನ ತಾನೇ ಹಾಳುಮಾಡಿ ವಾಪಸ್ ಹೋದ. 1799ರಲ್ಲಿ ಇಂಗ್ಲಿಷರು ಆ ತಪ್ಪು ಮಾಡಲಿಲ್ಲ. ಮೇ 4ರ ಮಧ್ಯಾಹ್ನ, ಬೇಸಿಗೆಯಲ್ಲಿ ಬತ್ತಿದ ಹೊಳೆಯ ಬಂಡೆಗಳ ಮೇಲೆ ಹೆಜ್ಜೆ ಹಾಕಿ, ಕೆಲವು ಕಡೆ ಸೊಂಟದವರೆಗಿನ ನೀರು ದಾಟಿ, ಒಡೆದ ಗೋಡೆ ಹತ್ತಿದ್ರು. ಇನ್ನೊಂದು ತಿಂಗಳು ತಡವಾಗಿ ಮಳೆ ಹಿಡಿದಿದ್ರೆ ಕಥೆಯೇ ಬೇರೆ. ಜುಲೈನಲ್ಲಿ ನಮ್ಮ ಹೊಳೆ ನೋಡಿದವರಿಗೆ ಇದನ್ನ ವಿವರಿಸಬೇಕಿಲ್ಲ.

ಆಮೇಲೆ ಜನ. ದ್ವೀಪದ ಪೂರ್ವಕ್ಕಿರೋ ಗಂಜಾಂ ಈಗ ಸಣ್ಣ ಊರು. ಟಿಪ್ಪು ಕಾಲದಲ್ಲಿ ಅದು ಶಹರ್ ಗಂಜಾಂ. ಅದನ್ನ ತುಂಬಿಸೋಕೆ ಶಿರಾದಿಂದ 12,000 ಕುಟುಂಬಗಳನ್ನ ಬಲವಂತವಾಗಿ ತರಿಸಿದ ಅಂತ ಮೈಸೂರು ಗೆಜೆಟಿಯರ್ ಹೇಳುತ್ತೆ. ಲೆಕ್ಕ ಹೆಚ್ಚುಕಮ್ಮಿ ಇರಲಿ, ಒಂದು ಪೇಟೆಯನ್ನೇ ಕಿತ್ತು ಇನ್ನೊಂದು ಕಡೆ ನೆಟ್ಟ ಹಾಗೆ. ಆ ಕುಟುಂಬಗಳು ಏನು ಮಾತಾಡ್ಕೊಂಡು ಬಂದ್ವು, ಮೊದಲ ಮಳೆಗಾಲ ಹೇಗೆ ಕಳೆದ್ವು? ಒಂದು ಸೀರಿಯಲ್‌ಗೆ ಇಷ್ಟೇ ಸಾಕಿತ್ತು ನೋಡಿ. ಅರಮನೆ ಸೆಟ್ಟಿನ ಖರ್ಚೂ ಉಳೀತಿತ್ತು.

ಕೋಟೆ ಬಿದ್ದ ರಾತ್ರಿ ಊರನ್ನ ಸೈನಿಕರು ದೋಚಿದ್ರು. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನ್ನ ಸೋಲಿಸಿದ ಆರ್ಥರ್ ವೆಲ್ಲೆಸ್ಲಿ ಮಾರನೇ ದಿನ ಇಲ್ಲಿನ ಉಸ್ತುವಾರಿ ವಹಿಸಿಕೊಂಡ. ಲೂಟಿಯಾಗದ ಮನೆ ಇಲ್ಲವೆನ್ನುವಷ್ಟು ಕಡಿಮೆ ಅಂತ ಅಣ್ಣನಿಗೆ ಪತ್ರ ಬರೆದ. ಸೈನಿಕರು ಬೆಲೆಬಾಳೋ ಒಡವೆಗಳನ್ನ ದಂಡಿನ ಸಂತೆಯಲ್ಲಿ ಮಾರ್ತಿದ್ರು. ಲೂಟಿಗಾರರಲ್ಲಿ ಕೆಲವರನ್ನ ಗಲ್ಲಿಗೆ ಹಾಕಿ, ಕೆಲವರಿಗೆ ಚಾಟಿ ಬೀಸಿ ಹತೋಟಿಗೆ ತಂದ. ಆ ಮನೆಗಳಲ್ಲಿ ಶಿರಾದಿಂದ ಬಂದವರ ಮನೆಗಳೂ ಇದ್ದಿರಬೇಕಲ್ಲವಾ?

ರಾಜಧಾನಿ ಮೈಸೂರಿಗೆ ಹೋಯ್ತು. ಜ್ವರಕ್ಕೆ ಹೆದರಿ ಇಂಗ್ಲಿಷ್ ದಂಡು 1809ರಲ್ಲಿ ಬೆಂಗಳೂರಿಗೆ ಹೋಯ್ತು. ನೀವು ಶನಿವಾರ ಸಂಜೆ ಸುತ್ತೋ ದಂಡು ಪ್ರದೇಶ ಹುಟ್ಟಿದ್ದು ಹಾಗೆ, ನಮ್ಮೂರಿನ ಸೊಳ್ಳೆಗಳ ದಯೆಯಿಂದ! ಟಿಪ್ಪುವಿನ ಲಾಲ್ ಮಹಲ್ ಅರಮನೆ ಕೆಡವಿದ್ರು. ಅದರ ತೊಲೆಗಳು ಬೆಟ್ಟ ಹತ್ತಿ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಹೋದ್ವು. ರಂಗನಾಥನ ಗುಡಿಯ ಹತ್ತಿರ ಈಗ ಉಳಿದಿರೋದು ಪಾಯ ಮಾತ್ರ. ಸೀರಿಯಲ್‌ನವರು ಕಟ್ಟಿದ ಭರ್ಜರಿ ಅರಮನೆ ನೆನೆದು ಬರೋ ಪ್ರವಾಸಿಗಳು ಅಲ್ಲಿ ನಿಂತು, 'ಇಷ್ಟೇನಾ?' ಅಂತಾರೆ. ಎಷ್ಟು ಸಲ ಕೇಳಿದ್ದೀನೋ.

ಆ ಸೆಟ್ಟು ಇದ್ದದ್ದು ನಮ್ಮೂರಿಂದ ಅರ್ಧ ಗಂಟೆ ದೂರದಲ್ಲಿ, ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ. 1989ರ ಫೆಬ್ರವರಿ 8ರಂದು ಚಿತ್ರೀಕರಣ ನಡೀತಿರುವಾಗ ಅಲ್ಲಿ ಬೆಂಕಿ ಬಿತ್ತು. 62 ಜನ ಸತ್ತರು. ಸಂಜಯ್ ಖಾನ್ ತೀವ್ರವಾಗಿ ಸುಟ್ಟು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ರು, ಆಮೇಲೆ ಎದ್ದು ಬಂದು ಸೀರಿಯಲ್ ಮುಗಿಸಿದ್ರು. ಅದು ಸಣ್ಣ ಮಾತಲ್ಲ, ಅದನ್ನ ಎಲ್ಲರೂ ನೆನೆಸ್ಕೋತಾರೆ. ಆದ್ರೆ ಆ 62 ಜನರಲ್ಲಿ ಒಬ್ಬರ ಹೆಸರು ಹೇಳಿ ಅಂದ್ರೆ ನನಗೂ ಬರಲ್ಲ. ಗೆಜೆಟಿಯರ್‌ನಲ್ಲಿ ಶಿರಾದ ಕುಟುಂಬಗಳು ಉಳಿದಿದ್ದೂ ಹೀಗೇ, ಒಂದು ಅಂಕಿಯಾಗಿ.

ಹೋದ ಸಲ ಊರಿಗೆ ಹೋದಾಗ ಅಮ್ಮನಿಗೆ ಒಂದು ಕಂತು ತೋರಿಸಿದೆ. ಕನ್ನಡಕ ಹಾಕ್ಕೊಂಡು ಐದು ನಿಮಿಷ ನೋಡಿದಳು. 'ಇದಕ್ಕೇ ಏನ್ಲಾ ಅಷ್ಟು ಜನ ಸುಟ್ಟೋಗಿದ್ದು?' ಅಂದಳು. ಫೋನು ನನ್ನ ಕೈಗೆ ಕೊಟ್ಟು ಬಟ್ಟೆ ತರೋಕೆ ಮಹಡಿ ಹತ್ತಿದಳು. ಆಕಡೆ ಮೋಡ ಕಟ್ಟಿತ್ತು.