ಹೈಡ್ರೋಜೆಲ್‌ನಲ್ಲಿ ಬಣ್ಣದ ಹಿಡಿತ: ‘ಏಕಪದರ’ ವಿವರಣೆಯ ಮರುಪರಿಶೀಲನೆ

ನೀರಿನಲ್ಲಿ ಕರಗದೆ, ತನ್ನ ಒಣ ತೂಕದ ಹಲವು ಪಟ್ಟು ನೀರು ಹೀರಿ ಉಬ್ಬುವ ಪಾಲಿಮರ್ ಬಲೆಯನ್ನು ಹೈಡ್ರೋಜೆಲ್ ಎನ್ನುತ್ತಾರೆ. 1960ರಲ್ಲಿ ವಿಜ್ಞಾನಿಗಳಾದ ವಿಖ್ಟರ್ಲೆ ಮತ್ತು ಲಿಮ್ ಇದನ್ನು ಜೈವಿಕ ಬಳಕೆಗೆ ಸೂಚಿಸಿದ ಮೇಲೆ ಅದರ ವ್ಯಾಪ್ತಿ ಹಿಗ್ಗಿ, ಬಣ್ಣದ ನೀರಿನ ಶುದ್ಧೀಕರಣವನ್ನೂ ಒಳಗೊಂಡಿದೆ. ಪಾಲಿಅಕ್ರಿಲಿಕ್ ಆಮ್ಲದ ಜೆಲ್‌ನಲ್ಲಿರುವ ಋಣಾವೇಶದ ಗುಂಪುಗಳು ಧನಾವೇಶದ ಮೆಥಿಲೀನ್ ಬ್ಲೂ ಬಣ್ಣವನ್ನು ಸೆಳೆದು ಹಿಡಿಯುತ್ತವೆ ಎಂಬುದರಲ್ಲಿ ವಿವಾದವಿಲ್ಲ.

ವಿವಾದಕ್ಕೆ ಎಡೆಯಿರುವುದು ಆ ಹಿಡಿತವನ್ನು ಅಳೆದು ಅರ್ಥೈಸುವ ಕ್ರಮದಲ್ಲಿ. ಪ್ರಯೋಗದ ಅಂಕಿಗಳು, ಹೀರಿಕೆಯನ್ನು ಸಾಂದ್ರತೆಯೊಂದಿಗೆ ಜೋಡಿಸುವ ಲಾಂಗ್ಮ್ಯೂರ್ ಸಮೀಕರಣಕ್ಕೆ ಹೊಂದಿದೊಡನೆ, ಬಣ್ಣದ ಅಣುಗಳು ಜೆಲ್ ಮೇಲೆ ಒಂದೇ ಪದರವಾಗಿ ಕೂತಿವೆಯೆಂದು ತೀರ್ಮಾನಿಸುವುದು ರೂಢಿಯಾಗಿದೆ. ಆದರೆ ಲಾಂಗ್ಮ್ಯೂರ್ 1918ರಲ್ಲಿ ವಿವರಿಸಿದ್ದು ಗಾಜು, ಅಭ್ರಕ, ಪ್ಲಾಟಿನಂಗಳ ಸಮತಲದ ಮೇಲೆ ಅನಿಲಗಳು ಅಂಟುವ ಬಗೆಯನ್ನು. ಉಬ್ಬಿದ ಜೆಲ್‌ಗೆ ಅಂಥ ಗಟ್ಟಿ ಮೇಲ್ಮೈಯಿಲ್ಲ, ನೀರೂ ಬಣ್ಣವೂ ಬಲೆಯೊಳಗೇ ಸಂಚರಿಸುತ್ತವೆ. ಒಂದು ಗ್ರಾಂ ಒಣ ಜೆಲ್ 200 ಮಿಲಿಲೀಟರ್ ದ್ರಾವಣವನ್ನು ಹೀರಿತೆಂದೂ, ಸಮಸ್ಥಿತಿಯಲ್ಲಿ ಬಣ್ಣದ ಸಾಂದ್ರತೆ ಲೀಟರಿಗೆ 500 ಮಿಲಿಗ್ರಾಂ ಇದೆಯೆಂದೂ ಇಟ್ಟುಕೊಂಡರೆ, ಯಾವ ರಾಸಾಯನಿಕ ಸೆಳೆತವಿಲ್ಲದೆಯೂ ಹೀರಿದ ನೀರಿನೊಂದಿಗೇ 100 ಮಿಲಿಗ್ರಾಂ ಬಣ್ಣ ಒಳಸೇರಿರುತ್ತದೆ. ಸಾಂದ್ರತೆಯ ಇಳಿಕೆಯನ್ನು ದ್ರಾವಣದ ಆರಂಭದ ಗಾತ್ರದಿಂದಲೇ ಗುಣಿಸುವ ಲೆಕ್ಕದಲ್ಲಿ ಈ ಪಾಲು ಕಾಣುವುದೇ ಇಲ್ಲ. ಹೊರಗುಳಿದ ಗಾತ್ರವನ್ನೂ ಅಳೆದರೆ ಪೂರ್ತಿಯಾಗಿ ಕಾಣುತ್ತದೆ. ಆದ್ದರಿಂದ ‘ಗರಿಷ್ಠ ಹೀರಿಕೆ’ ಎಂದು ಅಚ್ಚಾಗುವ ಸಂಖ್ಯೆಯಲ್ಲಿ ಜೆಲ್‌ನ ಗುಣದ ಜೊತೆಗೆ ಅಳತೆಯ ಕ್ರಮವೂ ಬೆರೆತಿದೆ ಎನ್ನಬೇಕಾಗುತ್ತದೆ. ಪಾಲಿಮರ್ ಸರಪಳಿಗಳನ್ನು ಬೆಸೆಯುವ ಅಡ್ಡಬಂಧಗಳು ಹೆಚ್ಚಿದ್ದು ಕಡಿಮೆ ಉಬ್ಬುವ ಜೆಲ್‌ಗಳಿಗೆ, ತೀರ ತೆಳುವಾದ ದ್ರಾವಣಗಳಿಗೆ ಈ ಆಕ್ಷೇಪ ಅಷ್ಟಾಗಿ ತಟ್ಟದು. ಸಮೀಕರಣವನ್ನು ಅಂಕಿಗಳನ್ನು ಹೊಂದಿಸುವ ಸಾಧನವಾಗಿಯಷ್ಟೇ ಬಳಸುವುದಕ್ಕೂ ಅಡ್ಡಿಯಿಲ್ಲ. ಅಲ್ಲಗಳೆಯಬೇಕಾದದ್ದು ಆ ಹೊಂದಿಕೆಯನ್ನೇ ಏಕಪದರಕ್ಕೆ ಪುರಾವೆಯಾಗಿಸುವ ವಾಡಿಕೆಯನ್ನು.

ಇದು ಬರಿಯ ಲೆಕ್ಕಾಚಾರದ ಜಗಳವಲ್ಲ. ನೊಯ್ಯಲ್ ನದಿಯ ಮಾಲಿನ್ಯದ ಪ್ರಕರಣದಲ್ಲಿ ಮದರಾಸು ಹೈಕೋರ್ಟ್ 2011ರಲ್ಲಿ ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿತು. ಇಂಥ ಘಟಕಗಳಲ್ಲಿ ಹತ್ತಿ ಬಟ್ಟೆಗೆ ಹಾಕುವ ರಿಯಾಕ್ಟಿವ್ ಬಣ್ಣಗಳು ಋಣಾವೇಶದವು. ಅವು ನೂಲಿಗೆ ಹತ್ತಲು ಉಪ್ಪನ್ನೂ ಬೆಸೆಯಲು ಸೋಡಾವನ್ನೂ ಧಾರಾಳವಾಗಿ ಬಳಸುವುದರಿಂದ, ಹೊರಬರುವ ನೀರು ಉಪ್ಪಾಗಿಯೂ ಕ್ಷಾರೀಯವಾಗಿಯೂ ಇರುತ್ತದೆ. ಮೆಥಿಲೀನ್ ಬ್ಲೂವನ್ನು ಸೆಳೆದ ಜೆಲ್ ಈ ಬಣ್ಣಗಳನ್ನು ದೂರ ತಳ್ಳುತ್ತದೆ. ಸಿಗಡಿ, ಏಡಿಗಳ ಚಿಪ್ಪಿನಿಂದ ತಯಾರಾಗುವ ಕೈಟೋಸಾನ್‌ನ ಜೆಲ್ ಇವಕ್ಕೆ ಒಗ್ಗೀತಾದರೂ, ಪಿಎಚ್ ಸುಮಾರು 6.5ನ್ನು ದಾಟಿದಂತೆ ಅದರ ಅಮೈನ್ ಗುಂಪುಗಳು ಧನಾವೇಶ ಕಳೆದುಕೊಳ್ಳುತ್ತವೆ. ಉಳಿದ ಸೆಳೆತವನ್ನು ಉಪ್ಪಿನ ಅಯಾನುಗಳು ಕುಗ್ಗಿಸುತ್ತವೆ. ಭಟ್ಟಿ ಇಳಿಸಿದ ನೀರಿನಲ್ಲಿ ಪಡೆದ ಸಂಖ್ಯೆಯನ್ನು ಇಂಥ ನೀರಿಗೆ ಅನ್ವಯಿಸಲಾಗದು.

ಆಮ್ಲ ಬೆರೆಸಿ ಪಿಎಚ್ ಇಳಿಸುವ ಖರ್ಚನ್ನು ಸಣ್ಣ ಘಟಕಗಳು ತಾಳಿಕೊಳ್ಳಬಲ್ಲವೇ, ಜೆಲ್‌ನಿಂದ ಬಿಡಿಸಿದ ಬಣ್ಣದ ಸಾಂದ್ರ ತ್ಯಾಜ್ಯವನ್ನು ಎಲ್ಲಿ ವಿಲೇವಾರಿ ಮಾಡಬೇಕು ಎಂಬ ಪ್ರಶ್ನೆಗಳು ಈ ಲೇಖನದ ಚರ್ಚೆಯಿಂದ ಇತ್ಯರ್ಥವಾಗುವುದಿಲ್ಲ.