ಹಳೆಯ ಕಾರಿನ ಲೋಹಭಾಗಗಳ ಲೇಪನ: ಹವ್ಯಾಸಿಗಳ ವಿಧಾನಗಳು

ಮನೆಯ ಗ್ಯಾರೇಜಿನಲ್ಲಿ ಕಾರು ಬಿಚ್ಚಿ ಜೋಡಿಸುವ ಹವ್ಯಾಸಿಗಳು ಬಿಡಿಭಾಗಗಳನ್ನು ತುಕ್ಕು, ತೇವ, ಸವೆತಗಳಿಂದ ಕಾಪಾಡಲು ಮತ್ತು ಅವುಗಳಿಗೆ ಮೊದಲಿನ ರೂಪ ತರಲು ಲೋಹದ ಮೇಲ್ಮೈಗೆ ಕೊಡುವ ಸಂಸ್ಕಾರವೇ ಲೇಪನ. ಬಣ್ಣ, ಪೌಡರ್ ಕೋಟಿಂಗ್, ಸತುವಿನ ವಿದ್ಯುಲ್ಲೇಪನ, ಫಾಸ್ಫೇಟ್ ಲೇಪ, ಆನೊಡೀಕರಣ ಇದರ ಮುಖ್ಯ ಬಗೆಗಳು. ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಮೊದಲೇ ನಿಂತಿತ್ತು. ಇಂಥ ಕಾರುಗಳನ್ನು ಇಟ್ಟುಕೊಂಡವರಿಗೆ ಹೊಸ ಭಾಗ ಕೊಳ್ಳುವುದಕ್ಕಿಂತ ಇರುವ ಭಾಗವನ್ನು ಉಳಿಸಿಕೊಳ್ಳುವುದೇ ಎಷ್ಟೋ ಸಲ ದಾರಿ.

ಹಿನ್ನೆಲೆ

ಇಂದು ಮನೆಗಳಲ್ಲಿ ಸಣ್ಣ ಪ್ರಮಾಣದಲ್ಲಿ ನಡೆಯುವ ಈ ವಿಧಾನಗಳೆಲ್ಲ ಕಾರ್ಖಾನೆಗಳಲ್ಲಿ ಬೆಳೆದವು. ಇಟಲಿಯ ಲುಯಿಜಿ ಬ್ರುನ್ಯಾಟೆಲ್ಲಿ 1805ರಲ್ಲಿ ವೋಲ್ಟಾನ ವಿದ್ಯುತ್ಕೋಶದಿಂದ ಲೋಹದ ಮೇಲೆ ಚಿನ್ನ ಲೇಪಿಸಿದ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಸೋದರಸಂಬಂಧಿಗಳು 1840ರಲ್ಲಿ ಪಡೆದ ಪೇಟೆಂಟಿನಿಂದ ವಿದ್ಯುಲ್ಲೇಪನ ಉದ್ಯಮವಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇಂಗ್ಲೆಂಡಿನ ಥಾಮಸ್ ಕಾಸ್ಲೆಟ್ ಉಕ್ಕಿಗೆ ಫಾಸ್ಫೇಟ್ ಲೇಪ ಕೊಡುವ ಕ್ರಮವನ್ನು ರೂಪಿಸಿದ. ಬ್ರಿಟನ್ನಿನಲ್ಲಿ 1923ರಲ್ಲಿ ವಿಮಾನಗಳ ಡ್ಯುರಾಲ್ಯುಮಿನ್ (ಅಲ್ಯುಮಿನಿಯಮ್ ಮಿಶ್ರಲೋಹ) ಭಾಗಗಳಿಗಾಗಿ ಕ್ರೋಮಿಕ್ ಆಮ್ಲದ ಆನೊಡೀಕರಣ ಬಂತು. 1927ರಲ್ಲಿ ಗಂಧಕಾಮ್ಲದ ವಿಧಾನಕ್ಕೆ ಪೇಟೆಂಟ್ ದೊರೆಯಿತು. ಮೊದಲು ನಿಕ್ಕಲಿನಿಂದ ಹೊಳೆಯುತ್ತಿದ್ದ ಕಾರಿನ ಭಾಗಗಳು ಕ್ರೋಮಿಗೆ ತಿರುಗಿದ್ದು ಅದೇ ದಶಕದಲ್ಲಿ.

ಆಯ್ಕೆಯ ನೆಲೆ

ಲೇಪವನ್ನು ಹೊಳಪು ನೋಡಿ ಆರಿಸಬಾರದು. ಭಾಗ ಮಾಡುವ ಕೆಲಸ ನೋಡಿ ಆರಿಸಬೇಕು. ಅದು ಯಾವ ಲೋಹ, ಎಷ್ಟು ಕಾಯುತ್ತದೆ, ಎಷ್ಟು ಭಾರ ಹೊರುತ್ತದೆ, ಇನ್ನೊಂದು ಭಾಗದೊಡನೆ ಎಷ್ಟು ಬಿಗಿಯಾಗಿ ಕೂಡುತ್ತದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಆಯ್ಕೆ ಬಹುಮಟ್ಟಿಗೆ ಮುಗಿದಂತೆ. ನಟ್ಟು, ಬೋಲ್ಟು, ಕ್ಲಿಪ್ಪು, ಸಣ್ಣ ಬ್ರಾಕೆಟ್ಟುಗಳಿಗೆ ತೆಳುವಾದ ಸತು ಒಪ್ಪುತ್ತದೆ. ಚಾಸಿಯ ಬ್ರಾಕೆಟ್ಟು, ಬ್ಯಾಟರಿ ತಟ್ಟೆಯಂಥವಕ್ಕೆ ಎಪಾಕ್ಸಿ ಪ್ರೈಮರಿನ ಮೇಲೆ ಬಣ್ಣ ಅಥವಾ ಪೌಡರ್ ಕೋಟಿಂಗ್ ಸರಿ. ಸೈಲೆನ್ಸರ್ ಕೊಳವೆ ಮತ್ತು ಮ್ಯಾನಿಫೋಲ್ಡಿಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ತಾಳುವ ಸಿಲಿಕೋನ್ ಬಣ್ಣವೇ ಬೇಕು. ಹಂತಹಂತವಾಗಿ ಕಾಯಿಸಿದ ಮೇಲಷ್ಟೇ ಅದು ಗಟ್ಟಿಯಾಗುತ್ತದೆ. ಬ್ರೇಕ್ ಡಿಸ್ಕು ಮತ್ತು ಡ್ರಮ್ಮಿನ ಉಜ್ಜುವ ಮೈಗೆ ಯಾವ ಲೇಪವೂ ಸಲ್ಲದು.

ಸಿದ್ಧತೆ

ಲೇಪ ಕಿತ್ತುಬರುವುದಕ್ಕೆ ಬಹುಪಾಲು ಕಾರಣ ಅದರ ಕೆಳಗಿನ ಕೊಳೆ. ಮೊದಲು ಗ್ರೀಸು, ಎಣ್ಣೆ ತೆಗೆಯಬೇಕು, ಆಮೇಲೆ ತುಕ್ಕು. ಈ ಕ್ರಮ ಹಿಂದುಮುಂದಾದರೆ ಎಮರಿ ಕಾಗದವೇ ಎಣ್ಣೆಯನ್ನು ಲೋಹದ ಗೀರುಗಳಿಗೆ ತುಂಬುತ್ತದೆ. ಸಣ್ಣ ಉಕ್ಕಿನ ಭಾಗಗಳ ತುಕ್ಕಿಗೆ ವಿನೆಗರ್ ಅಥವಾ ಸಿಟ್ರಿಕ್ ಆಮ್ಲದ ದ್ರಾವಣ ಸಾಕು. ದೊಡ್ಡ ಭಾಗಗಳನ್ನು ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಮುಳುಗಿಸಿ, ಬ್ಯಾಟರಿ ಚಾರ್ಜರಿನ ಋಣತುದಿಗೆ ಭಾಗವನ್ನೂ ಧನತುದಿಗೆ ಸಾಧಾರಣ ಕಬ್ಬಿಣದ ತುಂಡನ್ನೂ ಜೋಡಿಸಿ ತುಕ್ಕು ಬಿಡಿಸಬಹುದು. ಆ ತುಂಡು ಸ್ಟೇನ್‌ಲೆಸ್ ಸ್ಟೀಲಿನದಾದರೆ ವಿಷಕಾರಿಯಾದ ಆರು ವೇಲೆನ್ಸಿಯ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಈ ಕೆಲಸದಲ್ಲಿ ಹೈಡ್ರೊಜನ್ ಅನಿಲ ಹೊಮ್ಮುವುದರಿಂದ ಬಯಲಿನಲ್ಲೇ ಮಾಡಬೇಕು. ಅಲ್ಯುಮಿನಿಯಮ್ಮಿಗೆ ಈ ವಿಧಾನ ಹೊಂದದು. ಕ್ಷಾರ ಅದನ್ನು ತಿನ್ನುತ್ತದೆ. ಕಾರ್ಬ್ಯುರೇಟರಿನ ದೇಹ ಹೆಚ್ಚಾಗಿ ಸತು ಅಥವಾ ಅಲ್ಯುಮಿನಿಯಮ್ ಮಿಶ್ರಲೋಹದ ಎರಕವಾದ್ದರಿಂದ ಅದನ್ನು ಆಮ್ಲದಲ್ಲಿ ನೆನೆಸಿಡಬಾರದು.

ಒಣಮರಳನ್ನು ಸಿಡಿಸಿ ಉಜ್ಜುವ ರೂಢಿ ಅಪಾಯಕರ. ಸಿಲಿಕಾ ಧೂಳಿನಿಂದ ಶ್ವಾಸಕೋಶಕ್ಕೆ ಸಿಲಿಕೋಸಿಸ್ ತಗಲುತ್ತದೆ. ಬದಲಿಗೆ ಅಲ್ಯುಮಿನಿಯಮ್ ಆಕ್ಸೈಡ್ ಅಥವಾ ಗಾಜಿನ ಮಣಿಗಳನ್ನು ಮುಚ್ಚಿದ ಪೆಟ್ಟಿಗೆಯೊಳಗೆ ಬಳಸಬೇಕು.

ಬಣ್ಣ ಮತ್ತು ಪೌಡರ್ ಕೋಟಿಂಗ್

ಬಣ್ಣ ಬಳಿಯುವಾಗ ಲೋಹದ ಮೈ ಇಬ್ಬನಿಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು, ಗಾಳಿಯ ತೇವ 85 ಪ್ರತಿಶತ ಮೀರಿರಬಾರದು. ಕರಾವಳಿಯ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಈ ಷರತ್ತು ಸುಲಭವಾಗಿ ಕೂಡಿಬರುವುದಿಲ್ಲ. ಅಲ್ಲಿ ಬಣ್ಣದ ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಗಟ್ಟಿಕಾರಕ ಬೆರೆಸುವ ಪಾಲಿಯುರಿಥೇನ್ ಬಣ್ಣಗಳು ಬಹಳ ಬಾಳುತ್ತವೆ. ಆದರೆ ಅವುಗಳಲ್ಲಿರುವ ಐಸೊಸೈಯನೇಟ್ ಆಸ್ತಮಾ ತರಬಲ್ಲದು. ಧೂಳು ತಡೆಯುವ ಮಾಮೂಲು ಮಾಸ್ಕ್ ಅದನ್ನು ತಡೆಯದು. ಹೊರಗಿನ ಶುದ್ಧಗಾಳಿ ಒದಗಿಸುವ ಮುಖಗವಸು ಬೇಕಾಗುತ್ತದೆ. ಆ ಅನುಕೂಲ ಇಲ್ಲದವರು ಐಸೊಸೈಯನೇಟ್ ಇಲ್ಲದ ಬಣ್ಣಗಳನ್ನೇ ಬಳಸಬೇಕು.

ಪೌಡರ್ ಕೋಟಿಂಗಿನಲ್ಲಿ ವಿದ್ಯುದಾವೇಶ ಪಡೆದ ರಾಳದ ಪುಡಿ ಭಾಗಕ್ಕೆ ಅಂಟಿ, ಸುಮಾರು 180ರಿಂದ 200 ಡಿಗ್ರಿಯಲ್ಲಿ ಕರಗಿ ಹೊದಿಕೆಯಾಗುತ್ತದೆ. ಹೊದಿಕೆಯ ದಪ್ಪ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್. ಒಳಮೂಲೆಗಳಿಗೆ ಪುಡಿ ಸರಿಯಾಗಿ ಹೋಗುವುದಿಲ್ಲ. ಬೋಲ್ಟಿನ ತಲೆ ಕೂರುವ ಜಾಗ, ಬೇರಿಂಗ್ ಕೂರುವ ಜಾಗ, ಚಕ್ರ ಒರಗುವ ಮೈ, ತಿರುಪಿನ ಮರೆಗಳು (ಥ್ರೆಡ್) ಇವನ್ನೆಲ್ಲ ಮೊದಲೇ ಮುಚ್ಚಬೇಕು. ದಪ್ಪ ಹೊದಿಕೆ ಬೋಲ್ಟಿನಡಿ ಕಾಲಕ್ರಮೇಣ ಒತ್ತಿಹೋಗಿ ಬಿಗಿ ಸಡಿಲುತ್ತದೆ. ಪೌಡರ್ ಬೇಯಿಸಿದ ಓವನ್ನನ್ನು ಮತ್ತೆ ಅಡುಗೆಗೆ ಬಳಸಬಾರದು. ಅಲಾಯ್ ಚಕ್ರಗಳ ಬಲ ಶಾಖಸಂಸ್ಕಾರದಿಂದ ಬಂದದ್ದಾದರೆ ಅತಿಯಾಗಿ ಕಾಯಿಸಿದಾಗ ಕುಗ್ಗುತ್ತದೆ.

ಸತು ಮತ್ತು ಫಾಸ್ಫೇಟ್

ಸತು ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಆದ್ದರಿಂದಲೇ ಲೇಪಕ್ಕೆ ಗೀರು ಬಿದ್ದರೂ ಅಲ್ಲಿ ತುಕ್ಕು ಕೂಡಲೇ ಏಳುವುದಿಲ್ಲ. ಮನೆಯಲ್ಲಿ ಇದಕ್ಕೆ ಸತುವಿನ ಲವಣವಿರುವ ಮಂದ ಆಮ್ಲದ ದ್ರಾವಣ, ಧನತುದಿಗೆ ಸತುವಿನ ತಗಡು, ಕಡಿಮೆ ವೋಲ್ಟೇಜಿನ ನೇರವಿದ್ಯುತ್ ಸಾಕು. ವಿದ್ಯುತ್ ಜಾಸ್ತಿಯಾದರೆ ಲೇಪ ಕಪ್ಪಗೆ, ಪುಡಿಪುಡಿಯಾಗಿ ಕೂರುತ್ತದೆ. ಮರೆಯ ವ್ಯಾಸಕ್ಕೆ ಲೇಪದ ದಪ್ಪದ ನಾಲ್ಕರಷ್ಟು ಸೇರುವುದರಿಂದ ಬೋಲ್ಟುಗಳಿಗೆ ತೆಳುಲೇಪವೇ ಹಿತ. ಹಳೆಯ ಬೋಲ್ಟುಗಳ ಹೊಂಬಣ್ಣ ಸತುವಿನ ಮೇಲಿನ ಕ್ರೋಮೇಟ್ ಪದರದ್ದು. ಅದರ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್ ತರುವ ವಸ್ತು. ಯುರೋಪಿನ ಒಕ್ಕೂಟ 2000ದ ವಾಹನ ವಿಲೇವಾರಿ ನಿರ್ದೇಶನದ ಮೂಲಕ ಕಾರುಗಳಲ್ಲಿ ಅದರ ಬಳಕೆಗೆ ಕಡಿವಾಣ ಹಾಕಿತು. ಈಗ ಮೂರು ವೇಲೆನ್ಸಿಯ ಕ್ರೋಮಿಯಂ ದ್ರಾವಣಗಳು ಬಳಕೆಯಲ್ಲಿವೆ. ಕೆಲವು ಹಳೆಯ ಭಾಗಗಳ ಮೇಲೆ ಕ್ಯಾಡ್ಮಿಯಂ ಲೇಪವೂ ಇರುತ್ತದೆ. ಅದರ ಧೂಳು ವಿಷಕಾರಿಯಾದ್ದರಿಂದ ಅಂಥ ಭಾಗವನ್ನು ಉಜ್ಜಬಾರದು, ಕಾಯಿಸಬಾರದು.

ಆಮ್ಲದಲ್ಲಿ ಅದ್ದುವಾಗ ಮತ್ತು ಲೇಪ ಕೂರಿಸುವಾಗ ಹುಟ್ಟುವ ಹೈಡ್ರೊಜನ್ ಗಡಸು ಉಕ್ಕಿನೊಳಗೆ ಸೇರಿ ಅದನ್ನು ಪೆಡಸಾಗಿಸುತ್ತದೆ. ಆಮೇಲೆ ಭಾರ ಬಿದ್ದಾಗ ಭಾಗ ಮುನ್ಸೂಚನೆಯಿಲ್ಲದೆ ಮುರಿಯಬಹುದು. ಕಾರ್ಖಾನೆಗಳಲ್ಲಿ ಇಂಥ ಭಾಗಗಳನ್ನು ಲೇಪನದ ನಂತರ ತಡಮಾಡದೆ ಸುಮಾರು 200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ ಹೈಡ್ರೊಜನ್ ಹೊರಡಿಸುತ್ತಾರೆ. 10.9 ಮತ್ತು 12.9 ದರ್ಜೆಯ ಗಡಸು ಬೋಲ್ಟು, ಸ್ಪ್ರಿಂಗು, ಸ್ಟಿಯರಿಂಗ್ ಮತ್ತು ಸಸ್ಪೆನ್ಷನ್ ಭಾಗಗಳಿಗೆ ಮನೆಯಲ್ಲಿ ಸತು ಲೇಪಿಸಲೇಬಾರದು.

ಫಾಸ್ಫೇಟ್ ಲೇಪಕ್ಕೆ ವಿದ್ಯುತ್ ಬೇಡ. ಸತು ಅಥವಾ ಮ್ಯಾಂಗನೀಸ್ ಬೆರೆಸಿದ ಬಿಸಿ ಫಾಸ್ಫಾರಿಕ್ ಆಮ್ಲದ ದ್ರಾವಣದಲ್ಲಿ ಉಕ್ಕಿನ ಮೇಲೆ ಬೂದುಬಣ್ಣದ ಸೂಕ್ಷ್ಮ ಹರಳುಗಳು ಬೆಳೆಯುತ್ತವೆ. ಈ ಪದರ ಒಂಟಿಯಾಗಿ ತುಕ್ಕು ತಡೆಯದು. ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುವುದು, ಬಣ್ಣಕ್ಕೆ ಹಿಡಿತ ಕೊಡುವುದು ಅದರ ಕೆಲಸ.

ಆನೊಡೀಕರಣ

ಇದು ಅಲ್ಯುಮಿನಿಯಮ್ಮಿನ ಮೈಯನ್ನೇ ಗಟ್ಟಿ ಆಕ್ಸೈಡ್ ಆಗಿ ಬದಲಿಸುವ ಕ್ರಮ. ದ್ರಾವಣ 15ರಿಂದ 20 ಪ್ರತಿಶತ ಗಂಧಕಾಮ್ಲ, ಉಷ್ಣತೆ ಸುಮಾರು 20 ಡಿಗ್ರಿ, ವಿದ್ಯುತ್ತು 12ರಿಂದ 18 ವೋಲ್ಟ್. ಭಾಗ ಧನತುದಿಯಲ್ಲಿರುತ್ತದೆ, ಅದನ್ನು ತೂಗುವ ತಂತಿಯೂ ಅಲ್ಯುಮಿನಿಯಮ್ ಅಥವಾ ಟೈಟೇನಿಯಮ್ಮಿನದೇ ಆಗಿರಬೇಕು. ಹೊಸ ಪದರದ ಸೂಕ್ಷ್ಮ ರಂಧ್ರಗಳು ಬಣ್ಣ ಹೀರುತ್ತವೆ. ಆಮೇಲೆ ಕುದಿನೀರಿನಲ್ಲಿಟ್ಟರೆ ರಂಧ್ರ ಮುಚ್ಚಿಕೊಳ್ಳುತ್ತವೆ. ಸಿಲಿಕಾನ್ ಹೆಚ್ಚಿರುವ ಎರಕದ ಭಾಗಗಳು ಇದರಲ್ಲಿ ಬೂದು ಕಲೆಗಟ್ಟುತ್ತವೆ. ದ್ರಾವಣ ತಯಾರಿಸುವಾಗ ಆಮ್ಲವನ್ನು ನೀರಿಗೆ ನಿಧಾನವಾಗಿ ಸುರಿಯಬೇಕು, ನೀರನ್ನು ಆಮ್ಲಕ್ಕೆ ಎಂದೂ ಸುರಿಯಬಾರದು.

ಮಿತಿ ಮತ್ತು ವಿಲೇವಾರಿ

ಕ್ರೋಮ್ ಲೇಪನ, ಸೈಯನೈಡ್ ದ್ರಾವಣದ ಲೇಪನ ಮನೆಯ ಕೆಲಸವಲ್ಲ. ಬಂಪರು, ಗ್ರಿಲ್ಲುಗಳನ್ನು ವೃತ್ತಿಪರರಿಗೆ ಒಪ್ಪಿಸಬೇಕು; ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಇಂಥ ಅನೇಕ ಘಟಕಗಳಿವೆ. ಬಳಸಿದ ಲೇಪನದ ದ್ರಾವಣಗಳಲ್ಲಿ ಕರಗಿದ ಲೋಹವಿರುವುದರಿಂದ ಅವನ್ನು ಚರಂಡಿಗೆ, ಬಾವಿಯ ಹತ್ತಿರದ ಮಣ್ಣಿಗೆ ಸುರಿಯುವುದು ನೀರಿಗೆ ವಿಷ ಬೆರೆಸಿದಂತೆಯೇ. ಅವನ್ನು ಮುಚ್ಚಳ ಬಿಗಿದ ಡಬ್ಬಿಯಲ್ಲಿ ಹೆಸರು ಬರೆದಿಟ್ಟು, ಅಪಾಯಕಾರಿ ತ್ಯಾಜ್ಯ ಪಡೆಯುವ ಪರವಾನಗಿ ಇರುವವರಿಗೆ ಕೊಡಬೇಕು. ಹಾಗೆ ಕೊಡುವ ಅನುಕೂಲ ಇಲ್ಲದ ಕಡೆ ವಿದ್ಯುಲ್ಲೇಪನ ಬಿಟ್ಟು ಬಣ್ಣ ಬಳಿಯುವುದೇ ಉತ್ತಮ ಆಯ್ಕೆ.